ನಮಗೆ ಯಾರೋ ಫೀ ಕಟ್ಟಿದ್ದರು, ಈಗ ನಾವು ಯಾವ ದಾರಿಯಲ್ಲಿ ಕಟ್ಟೋಣ?

ನಾನು ಡಿಗ್ರಿ ಮೊದಲ ವರ್ಷ ಸೇರಿದಾಗ ಅಮ್ಮನ ಓಲೆ ಗಿರವಿ ಅಂಗಡಿಗೆ ಹೋಯಿತು. ಜೂನ್ ಕೊನೆಯ ವಾರ. ಅದೇ ವರ್ಷ ಒಂದು ಟ್ರಸ್ಟಿನಿಂದ ನನಗೆ ಸ್ಕಾಲರ್‌ಶಿಪ್ ಬಂತು, 3,000 ರೂಪಾಯಿ. ಬಂದದ್ದು ಫೆಬ್ರವರಿಯಲ್ಲಿ. ವೇದಿಕೆ, ಹಾರ, ಮೈಕು, ಮೂವರ ಭಾಷಣ, ಕೊನೆಗೆ ಕವರು. ಅಪ್ಪ ಮರುದಿನವೇ ಹೋಗಿ ಓಲೆ ಬಿಡಿಸಿಕೊಂಡು ಬಂದರು. ಅಸಲು, ಎಂಟು ತಿಂಗಳ ಬಡ್ಡಿ ಎಲ್ಲ ಕಳೆದು ಉಳಿದದ್ದು ಒಂದು ಜೊತೆ ಚಪ್ಪಲಿಗೆ ಆಗುವಷ್ಟು.

ಆ ಟ್ರಸ್ಟಿನವರ ಮೇಲೆ ನನಗೆ ಸಿಟ್ಟಿಲ್ಲ. ಅವರ ದುಡ್ಡು ಬರದೇ ಹೋಗಿದ್ದರೆ ಓಲೆ ಮುಳುಗಿಯೇ ಹೋಗುತ್ತಿತ್ತು. ಆದರೆ ಅದೇ ಕವರು ಜೂನ್‌ನಲ್ಲಿ ಬಂದಿದ್ದರೆ ಅಮ್ಮ ಎಂಟು ತಿಂಗಳು ಕಿವಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡು ಓಡಾಡಬೇಕಿರಲಿಲ್ಲ.

ಈಗ ನನಗೂ ನನ್ನ ಹಾಸ್ಟೆಲ್ ಗೆಳೆಯರಿಗೂ ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತದೆ. ಓದಿಸಿದವರ ಋಣ ನೆನಪಾಗುತ್ತದೆ. ಆ ಋಣವನ್ನು ಅವರಿಗೇ ತೀರಿಸಲು ಆಗುವುದಿಲ್ಲ, ಎಷ್ಟೋ ಜನ ಇಲ್ಲವೇ ಇಲ್ಲ. ಮುಂದಿನ ಮಕ್ಕಳಿಗೆ ಕೊಡಬೇಕು ಅಷ್ಟೆ. ಹೇಗೆ ಕೊಡುವುದು ಎನ್ನುವಲ್ಲೇ ಗೊಂದಲ. ನೇರವಾಗಿ ಕೊಡುವುದಾ, ಗೆಳೆಯರು ಸೇರಿ ಕೊಡುವುದಾ, ಓದಿದ ಹಾಸ್ಟೆಲಿಗಾ, ಯಾವುದಾದರೂ ಸಂಸ್ಥೆಗಾ, ದತ್ತಿ ಇಡುವುದಾ? ಇವುಗಳಲ್ಲಿ ಕೆಲವನ್ನು ನಾನು ಮಾಡಿ ನೋಡಿದ್ದೇನೆ, ಒಂದೆರಡರಲ್ಲಿ ಕೈ ಸುಟ್ಟುಕೊಂಡಿದ್ದೇನೆ.

ನಾನು ಎಲ್ಲವನ್ನೂ ಮೂರೇ ಪ್ರಶ್ನೆ ಇಟ್ಟುಕೊಂಡು ನೋಡುತ್ತೇನೆ. ದುಡ್ಡು ಯಾವ ತಿಂಗಳಲ್ಲಿ ತಲುಪುತ್ತದೆ? ಕೋರ್ಸು ಮುಗಿಯುವ ತನಕ ನಿಲ್ಲದೆ ಬರುತ್ತದಾ? ತೆಗೆದುಕೊಳ್ಳುವ ಮಗು ತಲೆ ತಗ್ಗಿಸಬೇಕಾಗುತ್ತದಾ? ಮೊತ್ತ ಎಷ್ಟು ಎನ್ನುವುದು ನನ್ನ ಲೆಕ್ಕದಲ್ಲಿ ನಾಲ್ಕನೆಯದು.

ಮೊದಲು ಸರ್ಕಾರದ್ದು ಏನಿದೆ ನೋಡಿ

ಯಾರಿಗಾದರೂ ಕೊಡುವ ಮುಂಚೆ ಆ ಮಗುವಿಗೆ ಈಗಾಗಲೇ ಏನು ಸಿಗಬಹುದು ಎಂದು ತಿಳಿದುಕೊಳ್ಳಿ. ನಮ್ಮ ರಾಜ್ಯದಲ್ಲಿ ಹೆಚ್ಚಿನ ಸ್ಕಾಲರ್‌ಶಿಪ್‌ಗಳಿಗೆ ಎಸ್‌ಎಸ್‌ಪಿ ಎಂಬ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಹಿಂದುಳಿದ ವರ್ಗದ, ಹಾಸ್ಟೆಲ್ ಸೀಟು ಸಿಗದ ಮಕ್ಕಳಿಗೆ ವಿದ್ಯಾಸಿರಿ ಇದೆ. ಊಟ ವಸತಿಗೆಂದು ತಿಂಗಳಿಗೆ ಇಷ್ಟು ಎಂದು ಹತ್ತು ತಿಂಗಳು ಕೊಡುತ್ತಾರೆ. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ಇದೆ. ಪಿಯುಸಿಯ ಹುಡುಗರಿಗೆ ವರ್ಷಕ್ಕೆ 2,500ರಿಂದ ಹಿಡಿದು ಇಂಜಿನಿಯರಿಂಗ್, ಮೆಡಿಕಲ್ ಓದುವ ಹುಡುಗಿಯರಿಗೆ 11,000ದವರೆಗೆ. ಸರ್ಕಾರಿ ಶಾಲೆ ಕಾಲೇಜಿನಲ್ಲಿ ಹತ್ತನೇ ತರಗತಿ, ಪಿಯುಸಿ ಮುಗಿಸಿ ಡಿಗ್ರಿಗೆ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುತ್ತಿದೆ, ಇದು ಖಾಸಗಿಯದು.

ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಎಷ್ಟೋ ಮಕ್ಕಳಿಗೆ ಬೇಕಿರುವುದು ನಿಮ್ಮ ದುಡ್ಡಲ್ಲ, ಸೈಬರ್ ಸೆಂಟರಿನಲ್ಲಿ ಪಕ್ಕ ಕೂತು ಅರ್ಜಿ ತುಂಬಿಸುವ ಒಬ್ಬ ಅಣ್ಣ ಅಥವಾ ಅಕ್ಕ. ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಅಂಕಪಟ್ಟಿಯಲ್ಲೊಂದು ಆಧಾರಿನಲ್ಲೊಂದು ಇರುವ ಹೆಸರು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದೇ ಇರುವುದು, ಹೀಗೆ ಸಣ್ಣ ಸಣ್ಣ ಕಾರಣಕ್ಕೆ ದುಡ್ಡು ನಿಂತುಹೋಗುತ್ತದೆ. ಹೋದ ವರ್ಷ ಒಬ್ಬ ಹುಡುಗಿಗೆ ನಾನು ಒಂದು ರೂಪಾಯಿಯೂ ಕೊಡಲಿಲ್ಲ. ಅವಳ ಹೆಸರಿನ ಕೊನೆಯಲ್ಲಿದ್ದ ಒಂದು ಇನಿಷಿಯಲ್ ಸರಿ ಮಾಡಿಸಲು ಎರಡು ಶನಿವಾರ ಓಡಾಡಿದೆ. ಅವಳಿಗೆ ಎರಡು ವರ್ಷದ್ದು ಒಟ್ಟಿಗೆ ಬಂತು.

ಆದರೂ ಒಂದು ಸಮಸ್ಯೆ ಉಳಿಯುತ್ತದೆ. ಸರ್ಕಾರದ ದುಡ್ಡು ಬರುವ ಹೊತ್ತಿಗೆ ವರ್ಷ ಅರ್ಧ ಕಳೆದಿರುತ್ತದೆ. ಕಾಲೇಜು ಫೀ ಕೇಳುವುದು ಅಡ್ಮಿಷನ್ ದಿನ. ಆ ನಡುವಿನ ತಿಂಗಳುಗಳೇ ನಮ್ಮಂಥವರು ಕೈ ಹಾಕಬೇಕಾದ ಜಾಗ ಎಂದು ನನ್ನ ಲೆಕ್ಕ.

ಒಬ್ಬರಿಗೇ, ನೇರವಾಗಿ

ಎಲ್ಲಕ್ಕಿಂತ ಬೇಗ ಆಗುವುದು ಇದು. ಸಿಇಟಿಯಲ್ಲಿ ಸೀಟು ಹಂಚಿಕೆಯಾದ ಮೇಲೆ ಫೀ ಕಟ್ಟಲು ಸಿಗುವುದು ಕೆಲವೇ ದಿನ. ಆಗ ಯಾವ ಸಂಸ್ಥೆಯ ಕಮಿಟಿಯೂ ಮೀಟಿಂಗ್ ಸೇರುವುದಿಲ್ಲ. ಊರಿನ ಮೇಷ್ಟ್ರು ಫೋನ್ ಮಾಡುತ್ತಾರೆ, ನೀವು ಸಂಜೆಯೊಳಗೆ ಕಳಿಸುತ್ತೀರಿ, ಸೀಟು ಉಳಿಯುತ್ತದೆ. ಸಮಯದ ಪ್ರಶ್ನೆಗೆ ಇದಕ್ಕೆ ನೂರಕ್ಕೆ ನೂರು.

ಮೂರನೇ ಪ್ರಶ್ನೆಯಲ್ಲಿ ಮಾತ್ರ ಇದು ಸೋಲುತ್ತದೆ. ನಾನು ಮೊದಲು ಓದಿಸಿದ್ದು ಪಕ್ಕದೂರಿನ ಒಬ್ಬ ಡಿಪ್ಲೊಮಾ ಹುಡುಗನನ್ನು. ಮೊದಲ ವರ್ಷ ವಾರಕ್ಕೊಂದು ಫೋನ್. ಅವರಪ್ಪ ಸುಗ್ಗಿ ಮುಗಿದ ಮೇಲೆ ಅರ್ಧ ಚೀಲ ರಾಗಿ ಬಸ್ಸಿಗೆ ಹಾಕಿ ಕಳಿಸಿದರು. ಬೇಡ ಎಂದರೂ ಕೇಳಲಿಲ್ಲ. ಎರಡನೇ ವರ್ಷ ಫೋನ್ ಕಡಿಮೆಯಾಯಿತು. ಮೂರನೇ ವರ್ಷ ನಾನು ಮಾಡಿದರೂ ಎತ್ತುತ್ತಿರಲಿಲ್ಲ. ಕೃತಜ್ಞತೆ ಇಲ್ಲದ ಹುಡುಗ ಎಂದುಕೊಂಡೆ, ಸುಳ್ಳೇಕೆ ಹೇಳಲಿ. ಆಮೇಲೆ ಗೊತ್ತಾಯಿತು, ಎರಡು ಸಬ್ಜೆಕ್ಟ್ ಬ್ಯಾಕ್ ಉಳಿದಿತ್ತು. 'ಸರ್ ದುಡ್ಡು ಹಾಳು ಮಾಡಿದೆ, ಯಾವ ಮುಖ ಇಟ್ಕೊಂಡು ಮಾತಾಡ್ಲಿ' ಎಂದು ಗೆಳೆಯನ ಹತ್ತಿರ ಹೇಳಿದ್ದನಂತೆ. ನಾನು ಯಾವತ್ತೂ ಅಂಕ ಕೇಳಿರಲಿಲ್ಲ. ಕೇಳುವುದಿಲ್ಲ ಎಂದೂ ಹೇಳಿರಲಿಲ್ಲ. ತಪ್ಪಿದ್ದು ಅಲ್ಲೇ.

ಅಂದಿನಿಂದ ಮೊದಲ ದಿನವೇ ಹೇಳಿಬಿಡುತ್ತೇನೆ: ಬ್ಯಾಕ್ ಆದರೂ ಫೀ ನಿಲ್ಲುವುದಿಲ್ಲ, ಕಾಲೇಜು ಬಿಟ್ಟರೆ ಮಾತ್ರ ನಿಲ್ಲುತ್ತದೆ, ಬಿಡುವ ಮುಂಚೆ ಒಂದು ಮಾತು ಹೇಳು. ದುಡ್ಡು ಹುಡುಗರ ಕೈಗೆ ಕೊಡುವುದಿಲ್ಲ, ಕಾಲೇಜಿನ ಖಾತೆಗೇ ಹಾಕುತ್ತೇನೆ. ಇದು ಅಪನಂಬಿಕೆಯಿಂದಲ್ಲ. ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಕೈಯಲ್ಲಿರುವ ದುಡ್ಡು ಆಸ್ಪತ್ರೆಗೇ ಹೋಗುತ್ತದೆ. ಹೋಗಲೂಬೇಕು. ಆಮೇಲೆ ಆ ಮಗು ನಿಮ್ಮ ಮುಂದೆ ಸುಳ್ಳು ಹೇಳಬೇಕಾದ ಸ್ಥಿತಿ ಬರಬಾರದು, ಅಷ್ಟೆ.

ಇನ್ನೊಂದು ಮಾತು. ಹೀಗೆ ನೇರ ಕೊಟ್ಟಿದ್ದಕ್ಕೆ ತೆರಿಗೆಯಲ್ಲಿ ಏನೂ ಬಿಡುವುದಿಲ್ಲ. ಮಧ್ಯದಲ್ಲಿ ನಿಮ್ಮ ಕೆಲಸ ಹೋದರೆ ಆ ಮಗುವಿನ ಓದೂ ನಿಂತಂತೆ. ಆದ್ದರಿಂದ ಒಪ್ಪಿಕೊಳ್ಳುವ ಮುಂಚೆ ಪೂರ್ತಿ ಕೋರ್ಸಿನ ಫೀಯಲ್ಲಿ ಅರ್ಧದಷ್ಟಾದರೂ ಬೇರೆ ತೆಗೆದಿಡಲು ಆಗುತ್ತದಾ ನೋಡಿಕೊಳ್ಳಿ.

ಬ್ಯಾಚಿನವರೆಲ್ಲ ಸೇರಿ

ನಮ್ಮ ಹಾಸ್ಟೆಲ್ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಒಂದು ರಾತ್ರಿ ಯಾರೋ ಹಳೆಯ ಫೋಟೊ ಹಾಕಿದರು. ಮೆಸ್ಸಿನ ಮುಂದೆ ತಟ್ಟೆ ಹಿಡಿದು ನಿಂತ ಸಾಲು. ಎಲ್ಲರಿಗೂ ಗಂಟಲು ಕಟ್ಟಿತು. ಆ ರಾತ್ರಿಯೇ ತೀರ್ಮಾನ: ತಲೆಗೆ ತಿಂಗಳಿಗೆ 500. ನಲವತ್ತು ಜನ, ತಿಂಗಳಿಗೆ 20,000, ವರ್ಷಕ್ಕೆ 2 ಲಕ್ಷದ 40 ಸಾವಿರ. ಹನ್ನೆರಡು ಮಕ್ಕಳನ್ನು ಆರಿಸಿಯೂ ಆಯಿತು.

ಮೂರನೇ ವರ್ಷ ಕಟ್ಟುತ್ತಿದ್ದವರು ಹದಿನಾಲ್ಕು ಜನ.

ಯಾರೂ ಕೆಟ್ಟವರಲ್ಲ. ಒಬ್ಬನ ಮನೆ ಕಟ್ಟುವುದು ಶುರುವಾಯಿತು, ಒಬ್ಬಳ ಮಗಳ ಓದು, ಒಬ್ಬ 'ಮರೆತೆ ಮಾರಾಯ' ಎಂದ. ಪ್ರತಿ ತಿಂಗಳು ನೆನಪು ಮಾಡುವ ಕೆಲಸ ಹೊತ್ತಿದ್ದ ಗೆಳೆಯನಿಗೆ ಸಾಲ ವಸೂಲಿಗೆ ಹೋದವನ ಹಾಗೆ ಅನಿಸತೊಡಗಿತು. ಅದರ ಮೇಲೆ ಜಗಳ ಬೇರೆ. ನಮ್ಮೂರ ಕಡೆಯವರಿಗೇ ಕೊಡೋಣ ಎಂದು ಒಬ್ಬ, ನಮ್ಮ ಜನಕ್ಕೆ ಎಂದು ಇನ್ನೊಬ್ಬ, ಮಾರ್ಕ್ಸ್ ನೋಡಿ ಕೊಡೋಣ ಎಂದು ಮತ್ತೊಬ್ಬ. ರಾತ್ರಿ ಹನ್ನೊಂದರ ಮೇಲೆ ಇಂಥ ಚರ್ಚೆ ಮಾಡಬಾರದು ಎನ್ನುವುದೊಂದು ಪಾಠ.

ಹಾಗಂತ ಈ ದಾರಿ ಬಿಡಬೇಕಾಗಿಲ್ಲ. ನಾವು ಮಾಡಿಕೊಂಡ ಬದಲಾವಣೆ ಹೇಳುತ್ತೇನೆ. ತಿಂಗಳ ವಂತಿಗೆ ನಿಲ್ಲಿಸಿ ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ, ಒಟ್ಟಿಗೆ ತೆಗೆದುಕೊಳ್ಳುತ್ತೇವೆ. ಎಷ್ಟು ಕೊಟ್ಟರು ಎಂದು ಗುಂಪಿನಲ್ಲಿ ಹೆಸರು ಹಾಕುವುದಿಲ್ಲ, ಒಟ್ಟು ಮೊತ್ತ ಮಾತ್ರ. ಹಣ ಇರುವುದು ಮೂವರ ಜಂಟಿ ಖಾತೆಯಲ್ಲಿ. ಒಬ್ಬರ ಸ್ವಂತ ಖಾತೆಯಲ್ಲಿ ಇಟ್ಟರೆ ಆದಾಯ ತೆರಿಗೆಯವರು ಕೇಳಿದಾಗ ಅವರೇ ಉತ್ತರ ಕೊಡಬೇಕು. ಅದಕ್ಕಿಂತ ಮುಖ್ಯ, ಗೆಳೆತನ ಉಳಿಯಬೇಕು. ಮತ್ತೆ, ಡಿಗ್ರಿಗೆ ಒಬ್ಬರಿಗೆ ವರ್ಷಕ್ಕೆ 20,000 ಎಂದಿಟ್ಟುಕೊಂಡರೆ ಮೂರು ವರ್ಷಕ್ಕೆ 60,000. ಅಷ್ಟು ಖಾತೆಯಲ್ಲಿ ಇದ್ದರೆ ಮಾತ್ರ ಹೊಸ ಮಗುವನ್ನು ಸೇರಿಸಿಕೊಳ್ಳುತ್ತೇವೆ. ಹನ್ನೆರಡು ಹೋಗಿ ನಾಲ್ಕಾಯಿತು. ಆದರೆ ಆ ನಾಲ್ವರಲ್ಲಿ ಯಾರದೂ ನಿಲ್ಲಲಿಲ್ಲ.

ಟ್ರಸ್ಟ್ ನೋಂದಣಿ ಮಾಡಿಸಿಬಿಡೋಣ ಎಂದು ಪ್ರತಿ ಗುಂಪಿನಲ್ಲೂ ಒಬ್ಬರು ಹೇಳುತ್ತಾರೆ. ಲೆಟರ್‌ಹೆಡ್ ಆಸೆ! ಮೂರು ವರ್ಷ ಸುಮ್ನೆ ಮಾಡಿ ನೋಡಿ, ಆಮೇಲೆ ಯೋಚಿಸಿ. ಟ್ರಸ್ಟ್ ಡೀಡು, ಸಬ್ ರಿಜಿಸ್ಟ್ರಾರ್ ಕಚೇರಿ, ಪ್ಯಾನ್, ತೆರಿಗೆ ವಿನಾಯಿತಿಗೆ ಬೇಕಾದ 12ಎ, 80ಜಿ ನೋಂದಣಿ, ಪ್ರತಿ ವರ್ಷ ಲೆಕ್ಕಪತ್ರ, ರಿಟರ್ನ್ಸ್. ನಾಲ್ಕು ಮಕ್ಕಳ ಫೀಗೆ ಇಷ್ಟೆಲ್ಲ ಹೊತ್ತುಕೊಳ್ಳುವ ಅಗತ್ಯ ಇಲ್ಲ.

ಉಂಡ ಹಾಸ್ಟೆಲಿಗೆ

ನಮ್ಮ ನಾಡಿನಲ್ಲಿ ಬಡ ಮಕ್ಕಳ ಓದಿನ ಕಥೆ ಫೀಗಿಂತ ಜಾಸ್ತಿ ಅನ್ನದ ಕಥೆ. ಒಂದು ಕಾಲಕ್ಕೆ ವಾರಾನ್ನ ಇತ್ತು, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆಮೇಲೆ ಮಠಗಳ ಮತ್ತು ಸಮುದಾಯಗಳ ಹಾಸ್ಟೆಲ್‌ಗಳು ಬಂದವು. ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನೇ ಬಡ ವಿದ್ಯಾರ್ಥಿಗಳ ಓದಿಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಜಾತಿ ಕೇಳದೆ ಹತ್ತಿರ ಹತ್ತಿರ ಹತ್ತು ಸಾವಿರ ಮಕ್ಕಳು ಉಂಡು ಓದುತ್ತಾರೆ. ಅಲ್ಲಿ ಓದಿ ಹೋದವರು ಈಗ ಎಲ್ಲೆಲ್ಲೋ ಇದ್ದಾರೆ. ಮಗುವಿನ ಹುಟ್ಟುಹಬ್ಬಕ್ಕೋ ಅಪ್ಪನ ತಿಥಿಗೋ ದಾಸೋಹಕ್ಕೆ ಅಕ್ಕಿ ಬೇಳೆ ಕಳಿಸುವ ಹಳೆಯ ವಿದ್ಯಾರ್ಥಿಗಳು ನಿಮ್ಮ ಆಫೀಸಿನಲ್ಲೇ ಒಬ್ಬಿಬ್ಬರು ಇರಬಹುದು, ಕೇಳಿ ನೋಡಿ.

ಇದರ ಒಳ್ಳೆಯತನ ಏನೆಂದರೆ ಇಲ್ಲಿ ಯಾವ ಮಗುವೂ ನಿಮಗೆ ಋಣಿಯಲ್ಲ. ಯಾರು ಕೊಟ್ಟ ಅಕ್ಕಿ ಎಂದು ತಟ್ಟೆಯ ಮುಂದೆ ಕೂತ ಹುಡುಗನಿಗೆ ಗೊತ್ತಿರುವುದಿಲ್ಲ. ನನ್ನ ಮೂರನೇ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇರೆ ಇಲ್ಲ. ಕೊರತೆ ಎಂದರೆ, ಎಲ್ಲರೂ ಅನ್ನಕ್ಕೇ ಕೊಡುತ್ತಾರೆ. ಹಬ್ಬದ ದಿನ ಮೂರು ದಾನಿಗಳ ಪಾಯಸ, ಪರೀಕ್ಷೆ ವಾರದಲ್ಲಿ ಟ್ಯೂಬ್‌ಲೈಟ್ ಕೆಟ್ಟು ಓದುವ ಕೋಣೆ ಕತ್ತಲು. ಕೊಡುವ ಮುಂಚೆ ವಾರ್ಡನ್ ಜೊತೆ ಅರ್ಧ ಗಂಟೆ ಮಾತಾಡಿ. ನಾನು ಹಾಗೆ ಕೇಳಿದಾಗ ಒಬ್ಬ ವಾರ್ಡನ್ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸರ್, ಬಕೆಟ್ ಕೊಡಿಸ್ತೀರಾ?' ಎಂದರು. ಅರವತ್ತು ಹುಡುಗಿಯರಿಗೆ ಇಪ್ಪತ್ತೆರಡು ಬಕೆಟ್ ಇದ್ದವು. ಬಕೆಟ್ ಕೊಡಿಸಿದ ಫೋಟೊ ಯಾರೂ ಫೇಸ್‌ಬುಕ್ಕಿಗೆ ಹಾಕುವುದಿಲ್ಲ ಅಲ್ವಾ, ಅದಕ್ಕೇ ಯಾರೂ ಕೊಡಿಸಿರಲಿಲ್ಲ.

ಹುಡುಕುವ ಕೆಲಸ ಬೇರೆಯವರಿಗೆ ಬಿಟ್ಟು

ನಿಮಗೆ ದುಡ್ಡಿದೆ, ಹೊತ್ತಿಲ್ಲ ಎಂದಾದರೆ ಯಾವುದಾದರೂ ಸಂಸ್ಥೆಯ ಮೂಲಕ ಕೊಡಿ. ನಿಜವಾಗಿ ಕಷ್ಟದಲ್ಲಿರುವ ಮಗು ಯಾವುದು ಎಂದು ಪತ್ತೆ ಮಾಡುವುದೇ ಈ ಕೆಲಸದಲ್ಲಿ ಅರ್ಧ. ನಮ್ಮ ಕಣ್ಣಿಗೆ ಬೀಳುವುದು ಚೆನ್ನಾಗಿ ಮಾತಾಡುವ, ಪರಿಚಯದ ಮೇಷ್ಟ್ರಿರುವ ಮಕ್ಕಳು.

ಉಡುಪಿಯ ಯಕ್ಷಗಾನ ಕಲಾರಂಗ ನಡೆಸುವ ವಿದ್ಯಾಪೋಷಕ್ ನನಗೆ ತುಂಬ ಇಷ್ಟ. ಹೆಸರು ಕೇಳಿದರೆ ವೇಷ, ಚೆಂಡೆ ನೆನಪಾಗುತ್ತದೆ, ಆದರೆ ಅಲ್ಲಿನ ಕಾರ್ಯಕರ್ತರು ಅರ್ಜಿ ಹಾಕಿದ ಮಕ್ಕಳ ಮನೆಗೇ ಹೋಗಿ ನೋಡಿ ಬರುತ್ತಾರೆ. ಮನೆಗೆ ಹೋದದ್ದರಿಂದಲೇ ಅವರಿಗೆ ಬೇರೆ ಸತ್ಯ ಕಂಡಿತು. ಓದಲು ದೀಪವಿಲ್ಲದ ಮನೆ, ಮಾಡು ಸೋರುವ ಮನೆ. ಸ್ಕಾಲರ್‌ಶಿಪ್ ಜೊತೆಗೆ ಸೋಲಾರ್ ದೀಪ ಕೊಟ್ಟರು, ದಾನಿಗಳನ್ನು ಹುಡುಕಿ ಮನೆಯನ್ನೇ ಕಟ್ಟಿಸಿಕೊಟ್ಟರು. ಅರ್ಜಿ ಹಾಳೆಯಲ್ಲಿ 'ಮಾಡು ಸೋರುತ್ತದೆಯೇ' ಎನ್ನುವ ಕಾಲಂ ಎಲ್ಲೂ ಇರುವುದಿಲ್ಲ.

ಉತ್ತರ ಕರ್ನಾಟಕದವರಿಗೆ ಧಾರವಾಡದ ವಿದ್ಯಾಪೋಷಕ್ ಇದೆ. ಹೆಸರು ಒಂದೇ, ಸಂಸ್ಥೆ ಬೇರೆ. ಹಣದ ಜೊತೆ ತರಬೇತಿ, ಮಾರ್ಗದರ್ಶನ ಕೊಡುತ್ತದೆ. ಇಂಜಿನಿಯರಿಂಗ್, ಮೆಡಿಕಲ್ ಥರದ ವೃತ್ತಿ ಕೋರ್ಸುಗಳಿಗೆ ಬೆಂಗಳೂರಿನಿಂದ ಕೆಲಸ ಮಾಡುವ ಫೌಂಡೇಶನ್ ಫಾರ್ ಎಕ್ಸಲೆನ್ಸ್ ಇದೆ. ಪ್ರಭು ಗೋಯಲ್, ಪೂನಂ ಗೋಯಲ್ ದಂಪತಿ 1994ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ್ದು. ಅಲ್ಲಿ ನೆರವು ಪಡೆದು ಓದಿದವರು ಈಗ ದಾನಿಗಳ ಪಟ್ಟಿಯಲ್ಲೂ ಇದ್ದಾರೆ.

ಯಾವ ಸಂಸ್ಥೆಯಾದರೂ ಸರಿ, ದುಡ್ಡು ಕಳಿಸುವ ಮುಂಚೆ ನಾನು ಒಂದು ಫೋನ್ ಮಾಡುತ್ತೇನೆ. 'ಮಕ್ಕಳಿಗೆ ದುಡ್ಡು ಯಾವ ತಿಂಗಳು ಕೊಡುತ್ತೀರಿ? ಸೇರಿದವರಲ್ಲಿ ಎಷ್ಟು ಜನ ಮುಗಿಸಿದರು?' ಎಂದು ಕೇಳುತ್ತೇನೆ. ಎರಡನೆಯದಕ್ಕೆ ಥಟ್ಟನೆ ಉತ್ತರ ಬಂದರೆ ನಂಬಿಕೆ ಬರುತ್ತದೆ. 'ಕಾರ್ಯಕ್ರಮಕ್ಕೆ ಬನ್ನಿ ಸರ್, ಸನ್ಮಾನ ಇದೆ' ಎಂಬ ಉತ್ತರ ಬಂದರೆ ನಾನು ಸ್ವಲ್ಪ ಹಿಂದೆ ಸರಿಯುತ್ತೇನೆ. ಇದು ನನ್ನ ಪೂರ್ವಗ್ರಹ ಇರಬಹುದು. ಫೆಬ್ರವರಿಯ ಆ ಕವರು ಇನ್ನೂ ತಲೆಯಲ್ಲಿದೆ.

ತೆರಿಗೆ ವಿಷಯ ಇಲ್ಲೇ ಹೇಳಿ ಮುಗಿಸುತ್ತೇನೆ. 80ಜಿ ಇರುವ ಇಂಥ ಟ್ರಸ್ಟಿಗೆ ಕೊಟ್ಟ ಹಣದಲ್ಲಿ ಸಾಮಾನ್ಯವಾಗಿ ಅರ್ಧದಷ್ಟನ್ನು ಆದಾಯದಿಂದ ಕಳೆದು ತೋರಿಸಬಹುದು. ಅದೂ ನೀವು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ. ಹೊಸದರಲ್ಲಿ ಇಲ್ಲ. 50,000 ಕೊಟ್ಟರೆ 25,000 ಕಳೆಯಬಹುದು. ನೀವು 30 ಶೇಕಡಾ ಮಟ್ಟದಲ್ಲಿದ್ದರೆ ಉಳಿಯುವುದು ಏಳೂವರೆ ಸಾವಿರದ ಮೇಲೆ ಚಿಲ್ಲರೆ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಲೆಕ್ಕಕ್ಕಿಲ್ಲ. ಸಂಸ್ಥೆಯಿಂದ ಫಾರಂ 10ಬಿಇ ಪ್ರಮಾಣಪತ್ರ ಕೇಳಿ ಪಡೆಯಿರಿ. ಈ ಲಾಭಕ್ಕಾಗಿಯೇ ದಾರಿ ಆರಿಸುವುದು ಬೇಡ, ಅಷ್ಟು ದೊಡ್ಡ ಮೊತ್ತವಲ್ಲ.

ವಿದೇಶದಲ್ಲಿರುವ ಕನ್ನಡಿಗರಿಗೆ ಇನ್ನೊಂದು ಗಂಟು ಇದೆ. ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೆ, ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಊರಿನ ಟ್ರಸ್ಟಿಗೆ ಕಳಿಸಬಹುದು, ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ, ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದ ಟ್ರಸ್ಟು ಅದನ್ನು ಮುಟ್ಟುವಂತಿಲ್ಲ. ಊರಿನ ಶಾಲೆಯ ಹಳೆ ವಿದ್ಯಾರ್ಥಿಗಳ ಸಂಘದ ಖಾತೆಗೆ ಪ್ರೀತಿಯಿಂದ ಡಾಲರ್ ಕಳಿಸಿ, ಪಾಪ, ಅಲ್ಲಿನ ಖಜಾಂಚಿಯನ್ನು ತೊಂದರೆಗೆ ಸಿಕ್ಕಿಸಬೇಡಿ.

ದತ್ತಿ ಇಡುವುದು

ಹೆಸರು ಉಳಿಯಬೇಕು, ಅಪ್ಪ ಅಮ್ಮನ ನೆನಪಿಗೆ ಏನಾದರೂ ಶಾಶ್ವತವಾಗಿ ಇರಬೇಕು ಎನ್ನುವವರು ದತ್ತಿ ಇಡುತ್ತಾರೆ. ಅಸಲು ಮುಟ್ಟದೆ ಬಡ್ಡಿಯಲ್ಲಿ ಪ್ರತಿ ವರ್ಷ ಒಬ್ಬರಿಗೆ. ಕೇಳಲು ಚೆನ್ನಾಗಿದೆ. ಲೆಕ್ಕ ಮಾಡಿ ನೋಡಿ. 1 ಲಕ್ಷಕ್ಕೆ ನೂರಕ್ಕೆ ಏಳರಂತೆ ಬಡ್ಡಿ ಬಂದರೆ ವರ್ಷಕ್ಕೆ 7,000. ಇವತ್ತಿಗೆ ಪರವಾಗಿಲ್ಲ. ಇಪ್ಪತ್ತು ವರ್ಷದ ನಂತರವೂ ಅದೇ 7,000, ಫೀ ಮಾತ್ರ ಎಲ್ಲಿಗೋ ಹೋಗಿರುತ್ತದೆ.

ಒಮ್ಮೆ ಒಂದು ಘಟಿಕೋತ್ಸವಕ್ಕೆ ಹೋಗಿ ಕೂತಿದ್ದಾಗ ಪುಸ್ತಿಕೆ ತಿರುವಿ ಹಾಕಿದೆ. ದತ್ತಿ ಬಹುಮಾನಗಳ ಪಟ್ಟಿ ಪುಟಗಟ್ಟಲೆ ಇತ್ತು. ಒಂದರ ಮುಂದೆ 250 ರೂಪಾಯಿ ಎಂದಿತ್ತು. ಅದನ್ನು ಇಟ್ಟ ಕಾಲಕ್ಕೆ 250 ಎಂದರೆ ಒಬ್ಬ ಹುಡುಗನ ಎಷ್ಟೋ ತಿಂಗಳ ಮೆಸ್ ಬಿಲ್ಲು. ಆವತ್ತು ಅದನ್ನು ಪಡೆದ ಹುಡುಗಿ ಊರಿನಿಂದ ಬಂದ ಬಸ್ ಚಾರ್ಜೇ ಅದಕ್ಕಿಂತ ಜಾಸ್ತಿ ಇದ್ದಿರಬೇಕು.

ಇಡುವುದೇ ಆದರೆ ಎರಡು ಷರತ್ತು ಬರೆಸಿ. ಬಡ್ಡಿಯಲ್ಲಿ ಮೂರನೇ ಒಂದು ಭಾಗ ಅಸಲಿಗೇ ಸೇರಬೇಕು. ಹತ್ತು ಲಕ್ಷ ಇಟ್ಟು 70,000 ಬಡ್ಡಿ ಬಂದರೆ 45,000 ಖರ್ಚು ಮಾಡಿ ಉಳಿದದ್ದನ್ನು ಬೆಳೆಸಿದರೆ ದತ್ತಿಗೆ ಜೀವ ಇರುತ್ತದೆ. ಎರಡನೆಯದು, 'ಇಂಥ ವಿಷಯದಲ್ಲಿ ಇಂಥ ಊರಿನ ಅತಿ ಹೆಚ್ಚು ಅಂಕ ಪಡೆದ' ಎಂಬ ಹಾಗೆ ಬಿಗಿಯಾಗಿ ಬರೆಯಬೇಡಿ. ಆ ಕೋರ್ಸೇ ಮುಚ್ಚಿಹೋದರೆ ದುಡ್ಡು ಬ್ಯಾಂಕಿನಲ್ಲಿ ಮಲಗುತ್ತದೆ. ಐದು ಲಕ್ಷಕ್ಕಿಂತ ಕಡಿಮೆ ಇದ್ದರೆ ದತ್ತಿಯ ಯೋಚನೆಯೇ ಬೇಡ. ಅದೇ ದುಡ್ಡಲ್ಲಿ ನಾಲ್ಕೈದು ವರ್ಷದಲ್ಲಿ ಆರೇಳು ಮಕ್ಕಳು ಪೂರ್ತಿ ಡಿಗ್ರಿ ಮುಗಿಸುತ್ತಾರೆ.

ದೊಡ್ಡ ಮೊತ್ತ ಇರುವವರಿಗೆ ಒಂದು ಹಳೆಯ ಉದಾಹರಣೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಮನೆಪಾಠ ಹೇಳಿಕೊಂಡು ಓದಿದ ಹುಡುಗ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಗೆ ಹೋಗಿ ಇಂಜಿನಿಯರ್ ಆದ. ಆ ಹುಡುಗ ವಿಶ್ವೇಶ್ವರಯ್ಯ. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ತಮಗೆ ಬರಬೇಕಿದ್ದ ಸಂಭಾವನೆಯನ್ನು ಅವರು ಕೈಗೆ ಮುಟ್ಟಿಸಿಕೊಳ್ಳದೆ, ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಕೊಟ್ಟರು. 1943ರಲ್ಲಿ ಶುರುವಾದ ಅದಕ್ಕೆ ತಮ್ಮ ಹೆಸರನ್ನೂ ಇಡಲಿಲ್ಲ, ಮಹಾರಾಜರ ಹೆಸರಿಟ್ಟರು. ಈಗ ಅದೇ ಎಸ್‌ಜೆಪಿ, ಅಂದರೆ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್, ಬೆಂಗಳೂರಿನ ಕೆ.ಆರ್. ಸರ್ಕಲ್ ಹತ್ತಿರ.

ಸಾಲವಾಗಿ ಕೊಟ್ಟರೆ?

ಕೊಟ್ಟದ್ದು ತಿರುಗಿ ಬಂದು ಇನ್ನೊಬ್ಬರಿಗೆ ಹೋಗಲಿ ಎನ್ನುವ ಯೋಚನೆ ಹೊಸದಲ್ಲ. ಜಮ್‌ಶೆಟ್‌ಜಿ ಟಾಟಾ 1892ರಲ್ಲಿ ಕಟ್ಟಿದ ಜೆ.ಎನ್. ಟಾಟಾ ಎಂಡೋಮೆಂಟ್ ವಿದೇಶಕ್ಕೆ ಓದಲು ಹೋಗುವವರಿಗೆ ಸಾಲದ ರೂಪದ ಸ್ಕಾಲರ್‌ಶಿಪ್ ಕೊಡುತ್ತದೆ. ಅವರು ತೀರಿಸಿದ ದುಡ್ಡು ಮುಂದಿನವರಿಗೆ. ರಾಷ್ಟ್ರಪತಿಯಾದ ಕೆ.ಆರ್. ನಾರಾಯಣನ್, ನಮ್ಮ ತುಮಕೂರು ಕಡೆಯ ವಿಜ್ಞಾನಿ ರಾಜಾ ರಾಮಣ್ಣ ಇಬ್ಬರೂ ಇದರಲ್ಲೇ ಓದಿದವರು. ನೂರಮೂವತ್ತು ವರ್ಷದಿಂದ ಚಕ್ರ ತಿರುಗುತ್ತಿದೆ.

ಆದರೆ ಲಂಡನ್ನಿಗೆ ಹೋಗಿ ಬಂದವರಿಗೆ ಸರಿಯಾದದ್ದು ಬಿ.ಎ. ಓದುವ ಹಳ್ಳಿ ಹುಡುಗಿಗೆ ಸರಿಯಾಗುವುದಿಲ್ಲ. ಕೆಲಸ ಸಿಗುವ ಕೋರ್ಸು, ವಸೂಲಿ ಮಾಡಲು ಒಂದು ಕಚೇರಿ, ಇವೆರಡೂ ಇದ್ದರೆ ಮಾತ್ರ ಇದು ನಡೆಯುತ್ತದೆ. ನೀವಾಗಿ ಸಾಲ ಕೊಡಲು ಹೋಗಬೇಡಿ. ಇಂಜಿನಿಯರಿಂಗ್ ಥರದ ಕೋರ್ಸಿಗೆ ಸಾಲವೇ ಬೇಕೆಂದರೆ ಹಿಂದುಳಿದ ವರ್ಗಗಳ, ಅಲ್ಪಸಂಖ್ಯಾತರ ನಿಗಮಗಳಲ್ಲಿ ಅರಿವು ಯೋಜನೆ ಇದೆ, ಬಡ್ಡಿ ತುಂಬ ಕಡಿಮೆ. ಅದರ ಅರ್ಜಿ ತುಂಬಿಸಿ ಸಾಕು.

ಷರತ್ತು ಹಾಕುವ ವಿಷಯಕ್ಕೆ ಬಂದಾಗೆಲ್ಲ ನನಗೆ ಅಂಬೇಡ್ಕರ್ ನೆನಪಾಗುತ್ತಾರೆ. 1913ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ಕೊಟ್ಟ ವಿದ್ಯಾರ್ಥಿವೇತನದಲ್ಲಿ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ತಿರುಗಿ ಬಂದು ಹತ್ತು ವರ್ಷ ಸಂಸ್ಥಾನದ ಕೆಲಸ ಮಾಡಬೇಕು ಎಂದು ಬರೆದುಕೊಟ್ಟಿದ್ದರು. 1917ರಲ್ಲಿ ಬಂದು ಕೆಲಸಕ್ಕೂ ಸೇರಿದರು. ಅಸ್ಪೃಶ್ಯ ಎಂದು ಊರಿನಲ್ಲಿ ಇರಲು ಒಂದು ಕೋಣೆಯೂ ಸಿಗದೆ ಬಿಟ್ಟು ಹೊರಟರು. ಆ ಹತ್ತು ವರ್ಷದ ಕರಾರು ಕಾಗದದಲ್ಲೇ ಉಳಿಯಿತು. ಆದರೆ ಅದೇ ಮನುಷ್ಯ 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿದರು, ಮರುವರ್ಷ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ಯಾವ ಕರಾರಿನಲ್ಲಿ ಅದನ್ನು ಬರೆಸಿಕೊಳ್ಳಲು ಆಗುತ್ತಿತ್ತು ಹೇಳಿ. 'ಮುಂದೆ ನೀನೂ ಒಬ್ಬರನ್ನು ಓದಿಸಬೇಕು' ಎಂದು ನಾನು ಯಾವ ಮಗುವಿನ ಹತ್ತಿರವೂ ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ಹಾಗಾದರೆ ನಾನೇನು ಮಾಡುತ್ತೇನೆ

ವರ್ಷಕ್ಕೆ ಐದು ಸಾವಿರ ಕೊಡಬಲ್ಲವರು ಬ್ಯಾಚಿನ ಗುಂಪಿಗೋ ಓದಿದ ಹಾಸ್ಟೆಲಿಗೋ ಕೊಡಿ, ಒಬ್ಬ ಮಗುವನ್ನು ಒಬ್ಬರೇ ಹೊರಬೇಡಿ. ಇಪ್ಪತ್ತರಿಂದ ಐವತ್ತು ಸಾವಿರ, ಜೊತೆಗೆ ತಿಂಗಳಿಗೊಂದು ಭಾನುವಾರ ಬಿಡುವಿದ್ದರೆ ಒಬ್ಬರನ್ನು ನೇರವಾಗಿ ಓದಿಸಿ. ಅಷ್ಟೇ ದುಡ್ಡಿದ್ದು ಬಿಡುವಿಲ್ಲದಿದ್ದರೆ ಸಂಸ್ಥೆ. ನನ್ನ ದುಡ್ಡಿನ ಹೆಚ್ಚಿನ ಭಾಗ ಗುಂಪಿಗೆ ಹೋಗುತ್ತದೆ, ಸ್ವಲ್ಪ ಉಡುಪಿಗೆ. ಹತ್ತು ಸಾವಿರ ಯಾರಿಗೂ ಕೊಡದೆ ಇಟ್ಟಿರುತ್ತೇನೆ, ಸೀಟು ಹಂಚಿಕೆಯ ವಾರದಲ್ಲಿ ಬರುವ ಫೋನಿಗೆಂದು.

ಗುಂಪಿನ ಮೂವರು ಮೇ ಕೊನೆಯ ಭಾನುವಾರ ಸೇರಿ ಪಟ್ಟಿ ನೋಡುತ್ತೇವೆ. ಜೂನ್ ಹತ್ತರೊಳಗೆ ನಾಲ್ಕೂ ಕಾಲೇಜುಗಳಿಗೆ ದುಡ್ಡು ಹೋಗಬೇಕು ಎನ್ನುವುದು ನಾವು ಯಾವ ಕಾರಣಕ್ಕೂ ಬಿಡದ ನಿಯಮ. ಈ ಸಲ ಮೂರು ರಸೀದಿಯ ಫೋಟೊ ಬಂದಿದೆ. ನಾಲ್ಕನೆಯದು ಇನ್ನೂ ಇಲ್ಲ, ಆ ಕಾಲೇಜಿನ ಕ್ಲರ್ಕ್ ಮಗಳ ಮದುವೆಗೆ ರಜೆಯಲ್ಲಿದ್ದಾರಂತೆ. ಸೋಮವಾರ ಮತ್ತೆ ಫೋನ್ ಮಾಡಬೇಕು.